ಸಮನ್ಸ್ ಜಾರಿಯಾಗದೆ ಕೇಸು ನಿಂತುಬಿಟ್ಟಿದೆಯೇ? ದಾವೆ ಹಾಕಿದವರು ಹಂತ ಹಂತವಾಗಿ ಮಾಡಬೇಕಾದ್ದು

“ದಾವೆ ಹಾಕಿ ವರ್ಷವಾಯ್ತು. ಹೋದಾಗಲೆಲ್ಲ ಸಮನ್ಸ್ ವಾಪಸ್ ಬಂದಿದೆ, ಮುಂದಿನ ತಾರೀಕಿಗೆ ಬನ್ನಿ ಅಂತಾರೆ. ಈಗೇನು ಮಾಡೋದು?” ಓದುಗರು ಪದೇ ಪದೇ ಕೇಳುವ ಪ್ರಶ್ನೆ ಇದು. ಆಸ್ತಿ ಪಾಲು, ಬಾಡಿಗೆ ಮನೆ ಖಾಲಿ ಮಾಡಿಸುವುದು, ಸಾಲದ ವಸೂಲಿ, ವಿಚ್ಛೇದನ, ಕೇಸು ಯಾವುದೇ ಇರಲಿ, ಎದುರಾಳಿಗೆ ಕೋರ್ಟಿನ ಕಾಗದ ತಲುಪುವವರೆಗೆ ಅದು ಮುಂದಕ್ಕೆ ಹೋಗುವುದಿಲ್ಲ.

ಸಮನ್ಸ್ ತಲುಪಿಸುವುದು ಕೋರ್ಟಿನ ಕೆಲಸ, ನಮಗೇನು ಅಂತ ಬಹಳ ಜನ ಸುಮ್ಮನಿದ್ದುಬಿಡುತ್ತಾರೆ. ತಡವಾಗುವುದೇ ಅಲ್ಲಿ. ಸರಿಯಾದ ವಿಳಾಸ ಕೊಡುವುದು, ಶುಲ್ಕ ಕಟ್ಟುವುದು, ವಾಪಸ್ ಬಂದ ಕಾಗದದ ಮೇಲೆ ಏನು ಬರೆದಿದೆ ಅಂತ ಓದಿ ಮುಂದಿನ ಅರ್ಜಿ ಹಾಕುವುದು, ಇದೆಲ್ಲ ದಾವೆ ಹಾಕಿದವರ ಪಾಲಿನ ಕೆಲಸ. ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹೇಗಾದರೂ ಮಾಡಿ ‘ಜಾರಿಯಾಗಿದೆ’ ಅಂತ ಬರೆಸಿಕೊಂಡು ಡಿಕ್ರಿ, ಅಂದರೆ ಕೋರ್ಟಿನ ತೀರ್ಪಿನ ಆದೇಶ, ಪಡೆಯುವ ಅಡ್ಡದಾರಿ ಹಿಡಿಯಬೇಡಿ. ಅಂಥ ಡಿಕ್ರಿ ವರ್ಷಗಳ ನಂತರವೂ ರದ್ದಾಗಬಹುದು. ಆಮೇಲೆ ಮೊದಲಿಂದ ಶುರು ಮಾಡಬೇಕು.

ಇಲ್ಲಿ ಹೇಳಿರುವುದು ಮುಖ್ಯವಾಗಿ ಕರ್ನಾಟಕದ ಸಿವಿಲ್ ಕೋರ್ಟುಗಳ ಬಗ್ಗೆ. ಚೆಕ್ ಬೌನ್ಸ್ ಕೇಸಿನ ದಾರಿ ಸ್ವಲ್ಪ ಬೇರೆ, ಅದಕ್ಕೆ ಒಂದು ಭಾಗ ಇಟ್ಟಿದ್ದೇನೆ. ಇದು ವಕೀಲರ ಬದಲಿಗೆ ಅಲ್ಲ. ಅವರ ಹತ್ತಿರ ಕೂತಾಗ ಸರಿಯಾದ ಪ್ರಶ್ನೆ ಕೇಳುವುದಕ್ಕೆ.

ಮೊದಲು ಕೆಲವು ಪದಗಳು

ವಾದಿ ಅಂದರೆ ದಾವೆ ಹಾಕಿದವರು, ಪ್ರತಿವಾದಿ ಅಂದರೆ ಯಾರ ಮೇಲೆ ಹಾಕಿದ್ದೀರೋ ಅವರು. ಸಮನ್ಸ್ ಅಂದರೆ ಇಂಥ ದಿನ ಬಂದು ಉತ್ತರ ಕೊಡಿ ಅಂತ ಪ್ರತಿವಾದಿಗೆ ಕೋರ್ಟ್ ಕಳಿಸುವ ಕಾಗದ. ಅದರ ಜೊತೆ ನಿಮ್ಮ ದಾವಾಪತ್ರದ ನಕಲು ಇರಲೇಬೇಕು. ಅದನ್ನು ತಲುಪಿಸುವುದೇ ಜಾರಿ. ಇದನ್ನು ಮನೆಗೆ ಒಯ್ಯುವ ಕೋರ್ಟ್ ನೌಕರನಿಗೆ ನೇಮಕಾತಿ ಪ್ರಕಟಣೆಗಳಲ್ಲಿ ‘ಆದೇಶ ಜಾರಿಕಾರ’ ಅಂತಾರೆ. ಕೋರ್ಟಿನ ಅಂಗಳದಲ್ಲಿ ಬೇಲಿಫ್ ಅಥವಾ ಅಮೀನ ಅಂದರೇನೇ ಗೊತ್ತಾಗುವುದು.

ಪಿಎಫ್ ಅಂದರೆ ಪ್ರೊಸೆಸ್ ಫೀ, ಜಾರಿಗೆ ಕಟ್ಟುವ ಶುಲ್ಕ. ಷರಾ ಅಂದರೆ ಬೇಲಿಫ್ ಅಥವಾ ಪೋಸ್ಟ್‌ಮ್ಯಾನ್ ಕಾಗದದ ಮೇಲೆ ಬರೆದು ಕಳಿಸುವ ಟಿಪ್ಪಣಿ. ಈ ಷರಾ ಅನ್ನುವುದನ್ನು ನೆನಪಿಡಿ. ನಿಮ್ಮ ಮುಂದಿನ ಹೆಜ್ಜೆ ಏನು ಅಂತ ತೀರ್ಮಾನವಾಗುವುದು ಅದರಿಂದಲೇ.

ಕೈಯಲ್ಲಿ ಇಟ್ಟುಕೊಳ್ಳಬೇಕಾದ್ದು ಇಷ್ಟು: ಕೇಸ್ ನಂಬರ್, 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರ್, ಪ್ರತಿವಾದಿಗಳ ಲೆಕ್ಕಕ್ಕೆ ತಕ್ಕಷ್ಟು ದಾವಾಪತ್ರದ ನಕಲುಗಳು, ಅವರ ಫೋನ್ ನಂಬರ್, ಇಮೇಲ್, ಕೆಲಸದ ಜಾಗದ ವಿಳಾಸ. ಸಿಎನ್‌ಆರ್ ಇದ್ದರೆ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಪ್ರತಿ ತಾರೀಕಿಗೆ ಏನಾಯ್ತು ಅಂತ ಮನೆಯಲ್ಲೇ ನೋಡಬಹುದು. ವಕೀಲರ ಫೋನಿಗೆ ಕಾಯುತ್ತಾ ಕೂರಬೇಕಿಲ್ಲ.

1. ವಿಳಾಸದಿಂದ ಶುರು ಮಾಡಿ

ಸಮನ್ಸ್ ವಾಪಸ್ ಬಂದ ಕೇಸುಗಳಲ್ಲಿ ಮೊದಲು ನೋಡಬೇಕಾದ್ದು ಬೇಲಿಫ್‌ನ ಕೆಲಸವನ್ನಲ್ಲ, ದಾವಾಪತ್ರದ ಮೊದಲ ಪುಟವನ್ನು. ಹತ್ತು ವರ್ಷದ ಹಿಂದಿನ ಕ್ರಯಪತ್ರದಲ್ಲಿದ್ದ ವಿಳಾಸವನ್ನು ಹಾಗೇ ಇಳಿಸಿರುತ್ತಾರೆ. ಆ ಮನುಷ್ಯ ಅಲ್ಲಿಂದ ಎರಡು ಮನೆ ಬದಲಾಯಿಸಿ ಆಗಿರುತ್ತದೆ.

ಹಳ್ಳಿಯ ವಿಳಾಸವಾದರೆ ಬರೀ ಹೆಸರು, ಊರು ಸಾಲದು. ಮಂಜುನಾಥ ಅನ್ನುವ ಹೆಸರಿನವರು ಒಂದೇ ಬೀದಿಯಲ್ಲಿ ಮೂವರಿರಬಹುದು. ‘ಬಿನ್’ ಹಾಕಿ ತಂದೆಯ ಹೆಸರು, ಹೆಂಗಸರಾದರೆ ‘ಕೋಂ’ ಹಾಕಿ ಗಂಡನ ಹೆಸರು, ಅಂದಾಜು ವಯಸ್ಸು, ಕಸುಬು, ಊರವರು ಕರೆಯುವ ಹೆಸರಿದ್ದರೆ ‘ಉರುಫ್’ ಅಂತ ಅದೂ ಇರಲಿ. ಬೀದಿ, ಹೋಬಳಿ, ತಾಲೂಕು, ಪಿನ್‌ಕೋಡ್ ತಪ್ಪದೆ ಬರೆಯಿರಿ.

ಬೆಂಗಳೂರಿನ ಕಷ್ಟ ಬೇರೆ. ಮನೆಗೆ ಹಳೇ ನಂಬರ್ ಒಂದು, ಹೊಸ ನಂಬರ್ ಇನ್ನೊಂದು. ಒಂದೇ ಬಡಾವಣೆಯ ಬೇರೆ ಬೇರೆ ಬ್ಲಾಕುಗಳಲ್ಲಿ ಅದೇ ‘5ನೇ ಕ್ರಾಸ್’ ಇರುತ್ತದೆ. ಹಾಗಾಗಿ ಎರಡೂ ನಂಬರ್, ಮಹಡಿ, ಮೇನ್, ಕ್ರಾಸ್, ಸ್ಟೇಜ್ ಅಥವಾ ಬ್ಲಾಕ್, ಹತ್ತಿರದ ದೇವಸ್ಥಾನವೋ ಶಾಲೆಯೋ ಬರೆಯಿರಿ. ಅಪಾರ್ಟ್‌ಮೆಂಟ್ ಆದರೆ ಟವರ್ ಮತ್ತು ಫ್ಲ್ಯಾಟ್ ನಂಬರ್ ಇಲ್ಲದೆ ಸೆಕ್ಯುರಿಟಿಯವರು ಗೇಟಿನಲ್ಲೇ ವಾಪಸ್ ಕಳಿಸುತ್ತಾರೆ.

ಹೊಸ ವಿಳಾಸ ಹುಡುಕಲು ಸರ್ಕಾರಿ ದಾಖಲೆಗಳೇ ಸಾಕಷ್ಟಿವೆ. ಜಮೀನಿದ್ದವರಾದರೆ ಪಹಣಿ ನೋಡಿ. ಇತ್ತೀಚೆಗೆ ಏನಾದರೂ ನೋಂದಣಿ ಮಾಡಿಸಿದ್ದರೆ ಆ ಪತ್ರದಲ್ಲಿ ಹೊಸ ವಿಳಾಸ ಇರುತ್ತದೆ. ಋಣಭಾರ ಪತ್ರದಿಂದ ಯಾವ ಪತ್ರ ಅಂತ ಗೊತ್ತಾಗುತ್ತದೆ. ಕಂಪನಿಯಾದರೆ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ನೋಂದಾಯಿತ ಕಚೇರಿಯ ವಿಳಾಸ ತೆಗೆದುಕೊಳ್ಳಿ. ಕಂಪನಿಯ ಮೇಲಿನ ಸಮನ್ಸನ್ನು ಸೆಕ್ರೆಟರಿ, ಡೈರೆಕ್ಟರ್ ಅಥವಾ ಪ್ರಧಾನ ಅಧಿಕಾರಿಗೆ ಕೊಡಬಹುದು, ನೋಂದಾಯಿತ ಕಚೇರಿಗೆ ಅಂಚೆಯಲ್ಲೂ ಕಳಿಸಬಹುದು. ನಿಮಗೆ ಪರಿಚಯವಿರುವ ಬ್ರಾಂಚ್‌ನ ರಿಸೆಪ್ಷನ್‌ನಲ್ಲಿ ಕೊಟ್ಟುಬಂದರೆ ಆಮೇಲೆ ತಕರಾರು ಏಳುತ್ತದೆ.

ಪ್ರತಿವಾದಿ ಸರ್ಕಾರಿ ನೌಕರನಾದರೆ ಕಚೇರಿಯ ಮುಖ್ಯಸ್ಥರ ಮೂಲಕ, ಸೈನಿಕನಾದರೆ ಕಮಾಂಡಿಂಗ್ ಅಧಿಕಾರಿಯ ಮೂಲಕ, ಜೈಲಿನಲ್ಲಿದ್ದರೆ ಜೈಲಿನ ಅಧಿಕಾರಿಯ ಮೂಲಕ ಜಾರಿ ಮಾಡಿಸುವ ದಾರಿ ಸಿವಿಲ್ ಪ್ರಕ್ರಿಯಾ ಸಂಹಿತೆಯ 5ನೇ ಆದೇಶದಲ್ಲೇ ಇದೆ. ಇಲ್ಲಿ ‘ಆದೇಶ’ ಅಂದರೆ ಆ ಸಂಹಿತೆಯ ಒಂದು ಅಧ್ಯಾಯ ಇದ್ದ ಹಾಗೆ. ಮುಂದೆ ಬರೀ ‘ಇಷ್ಟನೇ ನಿಯಮ’ ಅಂದಲ್ಲೆಲ್ಲ ಅದು ಈ 5ನೇ ಆದೇಶದ್ದು.

2. ಪಿಎಫ್ ಕಟ್ಟಿ, ಕಟ್ಟಿದ್ದು ಖಾತ್ರಿ ಮಾಡಿಕೊಳ್ಳಿ

ಕೋರ್ಟ್ ‘ಪಿಎಫ್ ಕಟ್ಟಿದರೆ ಸಮನ್ಸ್ ಹೊರಡಿಸಿ’ ಅಂತ ಆದೇಶ ಮಾಡುತ್ತದೆ. ‘ಕಟ್ಟಿದರೆ’ ಅನ್ನುವುದನ್ನು ಜನ ಗಮನಿಸುವುದಿಲ್ಲ. ಮುಂದಿನ ತಾರೀಕಿಗೆ ಹೋದರೆ ‘ಪಿಎಫ್ ಕಟ್ಟಿಲ್ಲ’ ಅಂತ ಬರೆದಿರುತ್ತದೆ. ಎರಡು ಮೂರು ತಿಂಗಳು ಸುಮ್ನೆ ಹೋಯ್ತು.

ಶುಲ್ಕದ ಜೊತೆ ಮೆಮೊ (ಕೋರ್ಟಿಗೆ ಕೊಡುವ ಚಿಕ್ಕ ಬರಹ), ನಕಲುಗಳು, ಅಂಚೆಗೆ ಕೇಳಿದ್ದರೆ ಲಕೋಟೆ ಮತ್ತು ಅಂಚೆ ವೆಚ್ಚ ಎಲ್ಲ ಒಟ್ಟಿಗೆ ಕೊಡಬೇಕು. ಐದು ಪ್ರತಿವಾದಿಗಳಿದ್ದು ನಾಲ್ಕೇ ನಕಲು ಕೊಟ್ಟರೆ ಕೆಲಸ ಅಲ್ಲೇ ನಿಲ್ಲುತ್ತದೆ. ಕಟ್ಟಿ ಒಂದು ವಾರವಾದ ಮೇಲೆ ಸಮನ್ಸ್ ತಯಾರಾಗಿ ಜಾರಿ ವಿಭಾಗಕ್ಕೆ, ಅಂದರೆ ನಜಾರತ್‌ಗೆ, ಹೋಗಿದೆಯಾ ಅಂತ ವಕೀಲರ ಗುಮಾಸ್ತರ ಹತ್ತಿರ ಕೇಳಿ. ಇದೊಂದು ಕೇಳುವುದರಿಂದ ಎಷ್ಟೋ ತಾರೀಕು ಉಳಿಯುತ್ತದೆ.

ಎಚ್ಚರ: ವಾದಿ ಶುಲ್ಕ ಕಟ್ಟದೆ ಸಮನ್ಸ್ ಜಾರಿಯಾಗದಿದ್ದರೆ 9ನೇ ಆದೇಶದ 2ನೇ ನಿಯಮದ ಪ್ರಕಾರ ಕೋರ್ಟ್ ದಾವೆಯನ್ನೇ ವಜಾ ಮಾಡಬಹುದು.

3. ಒಂದೇ ದಾರಿ ನೆಚ್ಚಿಕೊಳ್ಳಬೇಡಿ

ಬೇಲಿಫ್ ಮೂಲಕ, ಅಂಚೆ ಅಥವಾ ಕೋರ್ಟ್ ಒಪ್ಪಿದ ಕೊರಿಯರ್ ಮೂಲಕ, ಇವೆರಡನ್ನೂ ಒಟ್ಟಿಗೇ ಕೇಳಿ. ಒಂದು ವಾಪಸ್ ಬಂದ ಮೇಲೆ ಇನ್ನೊಂದು ಅಂತ ಹೋದರೆ ಪ್ರತಿ ಸಲ ಒಂದು ತಾರೀಕು ಕಳೆಯುತ್ತದೆ.

ಮೂರನೆಯದು ದಸ್ತಿ. ಸಮನ್ಸನ್ನು ಕೋರ್ಟ್ ನಿಮ್ಮ ಕೈಗೇ ಕೊಟ್ಟು, ನೀವೇ ತಲುಪಿಸಿ ಅನ್ನುವುದು. 2002ರ ಜುಲೈ 1ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ ಇದಕ್ಕೆ 9ಎ ನಿಯಮ ಸೇರಿತು. ಇದಕ್ಕೆ ಅರ್ಜಿ ಹಾಕಿ ಅನುಮತಿ ಪಡೆಯಬೇಕು. ಕೋರ್ಟಿನ ಮೂಲಕ ನಡೆಯುವ ಜಾರಿಯ ಜೊತೆಗೆ ಇದು, ಅದರ ಬದಲಿಗೆ ಅಲ್ಲ. ಪ್ರತಿವಾದಿ ತೆಗೆದುಕೊಂಡು ಸಹಿ ಹಾಕಿದರೆ ಸರಿ. ಸಹಿ ಹಾಕದಿದ್ದರೆ ಜಗಳಕ್ಕೆ ನಿಲ್ಲಬೇಡಿ. ಕೋರ್ಟಿಗೆ ತಿಳಿಸಿ, ಬೇಲಿಫ್ ಮೂಲಕ ಮತ್ತೆ ಕಳಿಸಲು ಅರ್ಜಿ ಕೊಡಿ. ಅಣ್ಣ ತಮ್ಮಂದಿರ ಪಾಲಿನ ಕೇಸು, ಗಂಡ ಹೆಂಡತಿಯ ಕೇಸುಗಳಲ್ಲಿ ದಸ್ತಿ ಬೇಡ ಅನ್ನುವುದು ನನ್ನ ಸಲಹೆ. ಬಾಗಿಲಲ್ಲಿ ಮಾತಿಗೆ ಮಾತು ಬೆಳೆದು ಹೊಸದೊಂದು ಪೊಲೀಸ್ ದೂರು ಹುಟ್ಟಿಕೊಳ್ಳುವ ಸಾಧ್ಯತೆ ಜಾಸ್ತಿ.

ಅಂಚೆಯ ವಿಷಯದಲ್ಲಿ ಒಂದು ಬದಲಾವಣೆ ಗೊತ್ತಿರಲಿ. 2025ರಲ್ಲಿ ಅಂಚೆ ಇಲಾಖೆ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟಿನಲ್ಲಿ ವಿಲೀನ ಮಾಡಿತು. ಈಗ ಸ್ಪೀಡ್ ಪೋಸ್ಟ್ ಮಾಡುವಾಗ ನೋಂದಣಿ ಸೌಲಭ್ಯವನ್ನು ಕೇಳಿ ಹಾಕಿಸಬೇಕು. ಆಗ ವಿಳಾಸದಾರರಿಗೆ ಅಥವಾ ಅವರು ಅಧಿಕಾರ ಕೊಟ್ಟವರಿಗೆ ಮಾತ್ರ ಕೊಡುತ್ತಾರೆ. ಲಕೋಟೆ ಹೋದ ವಾರದೊಳಗೆ ಟ್ರ್ಯಾಕಿಂಗ್ ಪುಟವನ್ನು ಪ್ರಿಂಟ್ ತೆಗೆದಿಡಿ. ಕೆಲವು ತಿಂಗಳು ಬಿಟ್ಟು ಹುಡುಕಿದರೆ ವಿವರ ಸಿಗದೇ ಹೋಗಬಹುದು. ಆ ಪ್ರಿಂಟನ್ನು ಪುರಾವೆಯಾಗಿ ಹಾಜರುಪಡಿಸುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ. ಹಳೆಯ ಕಾಯ್ದೆಯಲ್ಲಿ ಇದೇ 65ಬಿ ಆಗಿತ್ತು.

4. ಬೇಲಿಫ್ ಹೋಗುವ ದಿನ

ಮನೆ ತೋರಿಸಲು ನಿಮ್ಮ ಕಡೆಯವರೊಬ್ಬರು ಜೊತೆಗೆ ಹೋಗುವುದು ವಾಡಿಕೆ. ತಪ್ಪಿಲ್ಲ. ಹಳ್ಳಿಯಲ್ಲಂತೂ ಅದು ಬಹಳ ಸಹಾಯ. ಆದರೆ ಬಾಗಿಲು ತಟ್ಟಿ ಮಾತಾಡುವುದು, ಕಾಗದ ಕೊಡುವುದು, ಸಹಿ ಕೇಳುವುದು ಬೇಲಿಫ್‌ನ ಕೆಲಸ. ನೀವು ದೂರ ನಿಲ್ಲಿ.

ಪ್ರತಿವಾದಿ ಸಿಕ್ಕರೆ ಅವರ ಕೈಗೇ ಕೊಡಬೇಕು. ಅವರು ಮನೆಯಲ್ಲಿಲ್ಲ, ಹತ್ತಿರದಲ್ಲಿ ಬರುವ ಸೂಚನೆಯೂ ಇಲ್ಲ, ಅವರ ಪರವಾಗಿ ಸಮನ್ಸ್ ಪಡೆಯುವ ಏಜೆಂಟರೂ ಇಲ್ಲ ಅಂದಾಗ, ಅವರ ಜೊತೆ ವಾಸವಿರುವ ವಯಸ್ಕ ಕುಟುಂಬ ಸದಸ್ಯರಿಗೆ ಕೊಡಬಹುದು. ಹೆಂಡತಿ, ತಾಯಿ, ದೊಡ್ಡ ಮಗಳು, ಯಾರಾದರೂ ಸರಿ. ಮನೆಗೆಲಸದವರಿಗೆ ಕೊಟ್ಟರೆ ಆಗುವುದಿಲ್ಲ ಅಂತ 15ನೇ ನಿಯಮದ ವಿವರಣೆ ಸ್ಪಷ್ಟವಾಗಿ ಹೇಳುತ್ತದೆ. ಪಕ್ಕದ ಮನೆಯವರೂ ಆಗುವುದಿಲ್ಲ.

‘ಜೊತೆ ವಾಸವಿರುವ’ ಅನ್ನುವ ಕಡೆ ಬಹಳ ಜನ ಎಡವುತ್ತಾರೆ. ಮಗ ಪುಣೆಯಲ್ಲಿ ಕೆಲಸದಲ್ಲಿದ್ದಾನೆ, ತಂದೆ ತಾಯಿ ಮೈಸೂರಿನಲ್ಲಿದ್ದಾರೆ. ಸಮನ್ಸ್ ಮೈಸೂರಿನ ಮನೆಗೆ ಕಳಿಸಿ ತಂದೆಯ ಸಹಿ ಪಡೆದರೆ ಅದು ಮಗನ ಮೇಲಿನ ಜಾರಿ ಅನ್ನಿಸಿಕೊಳ್ಳುವುದು ಕಷ್ಟ. ಅವನು ಅಲ್ಲಿ ವಾಸವಿಲ್ಲ ಅಲ್ವಾ?

ಬೇಲಿಫ್‌ಗೆ ಪೆಟ್ರೋಲ್, ಊಟ ಅಂತ ದುಡ್ಡು ಕೊಡಬೇಡಿ. ಶುಲ್ಕ ಕಟ್ಟಿರುವುದೇ ಇದಕ್ಕೆ. ಯಾರಾದರೂ ಕೇಳಿದರೆ ವಕೀಲರ ಮೂಲಕ ಕೋರ್ಟಿನ ಗಮನಕ್ಕೆ ತನ್ನಿ.

5. ವಾಪಸ್ ಬಂದರೆ ಷರಾ ಓದಿ

ಜಾರಿಯಾಗದೆ ಬಂದ ಸಮನ್ಸ್‌ಗೆಲ್ಲ ಒಂದೇ ಮದ್ದಿಲ್ಲ. ಷರಾದಲ್ಲಿ ಏನಿದೆ ಅನ್ನುವುದರ ಮೇಲೆ ಹೋಗುತ್ತದೆ.

‘ಮನೆಗೆ ಬೀಗ’: ಬೇಲಿಫ್ ಹೋದ ಹೊತ್ತು ಯಾವುದು ನೋಡಿ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗೆ ಮಧ್ಯಾಹ್ನ 12ಕ್ಕೆ ಹೋದರೆ ಬೀಗವೇ ಇರುತ್ತದೆ. ಬೆಳಿಗ್ಗೆ ಅಥವಾ ಸಂಜೆ ಹೋಗಲು ಕೇಳಿ, ಕೆಲಸದ ಜಾಗದ ವಿಳಾಸವನ್ನೂ ಕೊಡಿ.

‘ಮನೆ ಬಿಟ್ಟು ಹೋಗಿದ್ದಾರೆ’: ಅದೇ ವಿಳಾಸಕ್ಕೆ ಮತ್ತೆ ಕಳಿಸಬೇಡಿ. ಹೊಸ ವಿಳಾಸ ಹುಡುಕಿ ಮೆಮೊ ಹಾಕಿ.

‘ವಿಳಾಸ ಸಾಲದು’: ತಪ್ಪು ನಮ್ಮ ಕಡೆಯದು. ಮೊದಲ ಹಂತಕ್ಕೆ ವಾಪಸ್ ಹೋಗಿ.

‘ತೆಗೆದುಕೊಳ್ಳಲು ನಿರಾಕರಿಸಿದರು’: ಇದು ನಿಮಗೆ ಒಳ್ಳೆಯ ಸುದ್ದಿ. ಅಂಚೆ ಅಥವಾ ಕೊರಿಯರ್‌ನವರು ಹೀಗೆ ಬರೆದರೆ ಸರಿಯಾಗಿ ಜಾರಿಯಾಗಿದೆ ಅಂತ ಕೋರ್ಟ್ ಘೋಷಿಸುತ್ತದೆ. ಹೊಸ ಸಮನ್ಸ್ ಕೇಳಿ ಸಮಯ ಕಳೆಯಬೇಡಿ.

‘ಸೂಚನೆ ಕೊಟ್ಟಿದೆ, ಬಂದು ಪಡೆದಿಲ್ಲ’: ವಿಳಾಸ ಸರಿಯಿದ್ದು, ವೆಚ್ಚ ಕಟ್ಟಿ ಸರಿಯಾಗಿ ಕಳಿಸಿದ್ದರೆ 1897ರ ಜನರಲ್ ಕ್ಲಾಸಸ್ ಕಾಯ್ದೆಯ 27ನೇ ಕಲಮಿನ ಪ್ರಕಾರ ತಲುಪಿದೆ ಅಂತ ಭಾವಿಸಲು ಕೇಳಬಹುದು. ವಿಳಾಸ ಸರಿ ಅನ್ನುವುದಕ್ಕೆ ಒಂದು ದಾಖಲೆ ಜೊತೆಗಿರಲಿ.

‘ಮೃತಪಟ್ಟಿದ್ದಾರೆ’: ಇಲ್ಲಿ ತಡ ಮಾಡಲೇಬಾರದು. ದಾವೆ ಹಾಕಿದ ಮೇಲೆ ತೀರಿಕೊಂಡಿದ್ದರೆ ಸಾವಿನ ದಿನದಿಂದ 90 ದಿನದೊಳಗೆ ವಾರಸುದಾರರನ್ನು ಸೇರಿಸಲು ಅರ್ಜಿ ಹಾಕಬೇಕು. ದಾವೆ ಹಾಕುವ ಮೊದಲೇ ತೀರಿಕೊಂಡಿದ್ದರೆ ವಿಷಯವೇ ಬೇರೆ. ಅವತ್ತೇ ವಕೀಲರನ್ನು ನೋಡಿ.

ಅಂಚೆ ಸ್ವೀಕೃತಿ ಚೀಟಿಯೇ ಕಳೆದುಹೋಗಿದ್ದರೂ ದಾರಿಯಿದೆ. ಸರಿಯಾದ ವಿಳಾಸಕ್ಕೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ, ಸಮನ್ಸ್ ಹೊರಡಿಸಿದ ದಿನದಿಂದ 30 ದಿನ ಕಳೆದರೂ ಚೀಟಿ ಬಾರದಿದ್ದರೆ ಜಾರಿಯಾಗಿದೆ ಅಂತ ಘೋಷಿಸಲು 9ನೇ ನಿಯಮದಲ್ಲೇ ಅವಕಾಶವಿದೆ.

ದೊಡ್ಡ ಎಚ್ಚರಿಕೆ: ಸಮನ್ಸ್ ಜಾರಿಯಾಗದೆ ಕೋರ್ಟಿಗೆ ವಾಪಸ್ ಬಂದ 7 ದಿನದೊಳಗೆ ಹೊಸ ಸಮನ್ಸ್‌ಗೆ ಅರ್ಜಿ ಹಾಕದಿದ್ದರೆ, ಪ್ರಯತ್ನಪಟ್ಟೂ ವಿಳಾಸ ಸಿಗಲಿಲ್ಲ ಅನ್ನುವಂಥ ಸಕಾರಣ ತೋರಿಸದಿದ್ದರೆ, ದಾವೆ ವಜಾ ಆಗಬಹುದು. 9ನೇ ಆದೇಶದ 5ನೇ ನಿಯಮ ಇದು. ಮುಂದಿನ ತಾರೀಕು ಎರಡು ತಿಂಗಳ ಆಚೆ ಇದೆ ಅಂತ ಆರಾಮಾಗಿ ಇರುವ ಹಾಗಿಲ್ಲ.

6. ಬಾಗಿಲಿಗೆ ಅಂಟಿಸುವುದು

ಪ್ರತಿವಾದಿ ಸಹಿ ಹಾಕಲು ಒಪ್ಪದಿದ್ದರೆ, ಅಥವಾ ಸಾಕಷ್ಟು ಪ್ರಯತ್ನಪಟ್ಟರೂ ಸಿಗದಿದ್ದರೆ, ಬೇಲಿಫ್ ಸಮನ್ಸ್ ನಕಲನ್ನು ಮನೆಯ ಹೊರಬಾಗಿಲಿಗೆ ಅಥವಾ ಎದ್ದು ಕಾಣುವ ಜಾಗಕ್ಕೆ ಅಂಟಿಸಬಹುದು. ಕೇಳಲು ಸುಲಭ. ಆದರೆ ಆಮೇಲೆ ಅತಿ ಹೆಚ್ಚು ಪ್ರಶ್ನೆ ಏಳುವುದು ಇದೇ ಹಂತದ ಮೇಲೆ.

‘ಮನೆಗೆ ಬೀಗ ಇದ್ದ ಕಾರಣ ಅಂಟಿಸಿದೆ’ ಅಂತ ಒಂದೇ ಸಾಲು ಬರೆದ ವರದಿ ನಿಲ್ಲುವುದಿಲ್ಲ. ಒಂದೇ ಸಲ ಹೋಗಿ ಬೀಗ ನೋಡಿ ಅಂಟಿಸಿದರೆ ಅದು ‘ಸಾಕಷ್ಟು ಪ್ರಯತ್ನ’ ಆಗುವುದೂ ಇಲ್ಲ. ಗಟ್ಟಿ ವರದಿ ಹೇಗಿರಬೇಕು ಅಂದರೆ: ಯಾವ ತಾರೀಕು, ಎಷ್ಟು ಗಂಟೆಗೆ ಮೊದಲು ಹೋಗಿದ್ದರು. ಮನೆಯಲ್ಲಿ ಯಾರಿದ್ದರು, ಏನು ಹೇಳಿದರು. ಮತ್ತೆ ಯಾವಾಗ ಹೋದರು. ಇದೇ ಪ್ರತಿವಾದಿಯ ಮನೆ ಅಂತ ಗುರುತಿಸಿದವರು ಯಾರು, ಅವರ ಹೆಸರು, ವಿಳಾಸ. ಯಾರ ಸಮಕ್ಷಮ ಅಂಟಿಸಿದರು. ಬಾಗಿಲಿಗೋ, ಗೇಟಿಗೋ. ಮನೆ ಗುರುತಿಸಿದವರ ಮತ್ತು ಸಾಕ್ಷಿಯ ವಿವರ ವರದಿಯಲ್ಲಿ ಇರಬೇಕು ಅಂತ 17ನೇ ನಿಯಮವೇ ಕೇಳುತ್ತದೆ. ವರದಿಗೆ ಬೇಲಿಫ್‌ನ ಅಫಿಡವಿಟ್, ಅಂದರೆ ಪ್ರಮಾಣ ಮಾಡಿ ಬರೆದ ಹೇಳಿಕೆ, ಇಲ್ಲದಿದ್ದರೆ ಕೋರ್ಟ್ ಅವರನ್ನು ವಿಚಾರಿಸಲೇಬೇಕು.

ನೀವು ಮಾಡಬೇಕಾದ್ದು: ವರದಿ ಬಂದ ಕೂಡಲೇ ನಕಲು ಪಡೆದು ಈ ಪಟ್ಟಿಗೆ ಹೋಲಿಸಿ ನೋಡಿ. ಕೊರತೆಯಿದ್ದರೆ ಈಗಲೇ ಸರಿ ಮಾಡಿಸುವುದು ಒಳ್ಳೆಯದು. ಡಿಕ್ರಿಯಾದ ಮೇಲೆ ಸರಿ ಮಾಡಿಸಲು ಬರುವುದಿಲ್ಲ.

7. ಪತ್ರಿಕೆಯಲ್ಲಿ ಹಾಕಿಸುವುದು ಕೊನೆಯ ದಾರಿ

‘ಪೇಪರ್ ಪಬ್ಲಿಕೇಷನ್ ಹಾಕಿಸಿಬಿಡಿ, ಮುಗೀತು’ ಅನ್ನುವವರು ಬಹಳ. 20ನೇ ನಿಯಮದಲ್ಲಿ ಇದಕ್ಕೆ ಅವಕಾಶವಿದೆ. ಆದರೆ ಪ್ರತಿವಾದಿ ಬೇಕಂತಲೇ ತಪ್ಪಿಸಿಕೊಳ್ಳುತ್ತಿದ್ದಾರೆ, ಅಥವಾ ಮಾಮೂಲಿ ದಾರಿಯಲ್ಲಿ ಜಾರಿ ಸಾಧ್ಯವೇ ಇಲ್ಲ ಅಂತ ಕೋರ್ಟಿಗೆ ಮನವರಿಕೆಯಾಗಬೇಕು. ಅರ್ಜಿಯ ಜೊತೆಗಿನ ಅಫಿಡವಿಟ್‌ನಲ್ಲಿ ಇಲ್ಲಿಯವರೆಗೆ ಮಾಡಿದ ಪ್ರಯತ್ನಗಳನ್ನೆಲ್ಲ ತಾರೀಕು ಸಮೇತ ಬರೆಯಿರಿ.

ಪತ್ರಿಕೆ ದಿನಪತ್ರಿಕೆಯಾಗಿರಬೇಕು, ಪ್ರತಿವಾದಿ ಕೊನೆಯದಾಗಿ ವಾಸವಿದ್ದ ಅಥವಾ ವ್ಯವಹಾರ ಮಾಡುತ್ತಿದ್ದ ಜಾಗದಲ್ಲಿ ಓಡಾಡುವಂಥದ್ದಾಗಿರಬೇಕು. ಬೀದರಿನಲ್ಲಿದ್ದವರಿಗೆ ಬೆಂಗಳೂರು ಆವೃತ್ತಿಯಲ್ಲಿ ಹಾಕಿಸಿ ಪ್ರಯೋಜನವಿಲ್ಲ. ಹೆಸರು, ಕೇಸ್ ನಂಬರ್, ಹಾಜರಾಗಬೇಕಾದ ತಾರೀಕು ಮೂರನ್ನೂ ಅಚ್ಚಿಗೆ ಹೋಗುವ ಮೊದಲು ಓದಿ ನೋಡಿ. ಆಮೇಲೆ ಜಾಹೀರಾತು ಕತ್ತರಿಸಿಕೊಡಬೇಡಿ, ಪತ್ರಿಕೆಯ ಪೂರ್ತಿ ಪುಟ ಮತ್ತು ರಸೀದಿ ಸಲ್ಲಿಸಿ.

ವಿಳಾಸ ಗೊತ್ತಿದ್ದೂ ಪತ್ರಿಕೆಯ ದಾರಿ ಹಿಡಿದರೆ ಏನಾಗುತ್ತದೆ? ಪ್ರತಿವಾದಿ ಬಾರದೆ ಏಕಪಕ್ಷೀಯ ಡಿಕ್ರಿ ಸಿಗಬಹುದು, ಅಂದರೆ ನಿಮ್ಮ ಮಾತು ಮಾತ್ರ ಕೇಳಿ ಕೊಟ್ಟ ತೀರ್ಪು. ಅದನ್ನು ರದ್ದು ಮಾಡಿಸಲು ಅವರಿಗೆ 9ನೇ ಆದೇಶದ 13ನೇ ನಿಯಮವಿದೆ. ಅರ್ಜಿಗೆ ಸಮಯ 30 ದಿನ. ಆದರೆ ಸಮನ್ಸ್ ಸರಿಯಾಗಿ ಜಾರಿಯಾಗಿರದಿದ್ದರೆ ಆ 30 ದಿನ ಶುರುವಾಗುವುದು ಡಿಕ್ರಿಯ ವಿಷಯ ಅವರಿಗೆ ಗೊತ್ತಾದ ದಿನದಿಂದ. ಪತ್ರಿಕೆಯ ಮೂಲಕ ಮಾಡಿದ ಜಾರಿಯನ್ನು ಈ ಲೆಕ್ಕಕ್ಕೆ ‘ಸರಿಯಾದ ಜಾರಿ’ ಅಂತ ಹಿಡಿಯುವುದಿಲ್ಲ ಅಂತ ಕಾಲಮಿತಿ ಕಾಯ್ದೆಯ 123ನೇ ವಿಧಿಯ ವಿವರಣೆ ಹೇಳುತ್ತದೆ. ಅಂದರೆ ಡಿಕ್ರಿಯನ್ನು ಕಾರ್ಯಕ್ಕೆ ತರಲು, ಅಂದರೆ ಅಮಲ್ಜಾರಿಗೆ, ನೀವು ಹೋದಾಗ, ಮೂರು ವರ್ಷದ ನಂತರವೇ ಆಗಲಿ, ಅವರು ಎದ್ದು ಬಂದು ‘ನನಗೆ ಗೊತ್ತೇ ಇರಲಿಲ್ಲ’ ಅನ್ನಬಹುದು.

ಇನ್ನೊಂದು ಬದಿಯೂ ಇದೆ. ಜಾರಿಯಲ್ಲಿ ಸಣ್ಣ ಲೋಪವಿದ್ದರೂ ಪ್ರತಿವಾದಿಗೆ ತಾರೀಕು ಗೊತ್ತಿತ್ತು, ಬರಲು ಸಮಯವೂ ಇತ್ತು ಅಂತ ಕೋರ್ಟಿಗೆ ಅನ್ನಿಸಿದರೆ ಬರೀ ಆ ಲೋಪಕ್ಕಾಗಿ ಡಿಕ್ರಿ ರದ್ದಾಗುವುದಿಲ್ಲ. ಹಾಗಾಗಿ ಅವರು ನಿಮಗೆ ಕೇಸಿನ ಬಗ್ಗೆ ಕಳಿಸಿದ ಮೆಸೇಜು, ಪತ್ರ ಏನಿದ್ದರೂ ಜೋಪಾನ ಮಾಡಿ.

8. ವಾಟ್ಸಾಪ್, ಇಮೇಲ್: ಏನು ಬದಲಾಗುತ್ತಿದೆ

‘ಸಮನ್ಸ್ ಫೋಟೊ ವಾಟ್ಸಾಪ್ ಮಾಡಿದೆ, ನೀಲಿ ಟಿಕ್ ಬಂದಿದೆ, ಸಾಕಲ್ವಾ?’ ಸಾಲದು. ಕೋರ್ಟಿನ ಅನುಮತಿ ಇಲ್ಲದೆ ನೀವೇ ಕಳಿಸಿದ್ದು ಜಾರಿ ಆಗುವುದಿಲ್ಲ. 9ನೇ ನಿಯಮ ಇಮೇಲನ್ನು ಹೆಸರಿಸುತ್ತದೆ, ಆದರೆ ಹೈಕೋರ್ಟಿನ ನಿಯಮಗಳಿಗೆ ಒಳಪಟ್ಟು. 2020ರ ಜುಲೈನಲ್ಲಿ, ಕೋವಿಡ್ ಹೊತ್ತಿನಲ್ಲಿ, ಸುಪ್ರೀಂ ಕೋರ್ಟ್ ಇಮೇಲ್ ಮತ್ತು ವಾಟ್ಸಾಪ್‌ನಂಥ ಆ್ಯಪ್‌ಗಳ ಮೂಲಕ ನೋಟಿಸ್ ಕಳಿಸಲು ಅವಕಾಶ ಕೊಟ್ಟಿತು. ಆಮೇಲೆ ಕೋರ್ಟುಗಳು ಮಾಮೂಲಿ ದಾರಿಯ ಜೊತೆಗೆ ಇದನ್ನೂ ಒಪ್ಪುವುದು ಹೆಚ್ಚಾಗಿದೆ. ಎಲ್ಲ ಕಡೆ ಇದು ಒಂದೇ ತರ ಇಲ್ಲ. 2025ರ ಜನವರಿಯಲ್ಲಿ ಅದೇ ಸುಪ್ರೀಂ ಕೋರ್ಟ್, ತನಿಖೆಗೆ ಹಾಜರಾಗಿ ಅಂತ ಪೊಲೀಸರು ಕೊಡುವ ನೋಟಿಸನ್ನು ವಾಟ್ಸಾಪ್‌ನಲ್ಲಿ ಕಳಿಸುವ ಹಾಗಿಲ್ಲ ಅಂದಿತು.

ಆದ್ದರಿಂದ ಅರ್ಜಿ ಹಾಕಿ ಆದೇಶ ಪಡೆಯಿರಿ. ಆ ನಂಬರ್ ಪ್ರತಿವಾದಿಯದೇ ಅಂತ ತೋರಿಸುವ ಹಳೆಯ ಮಾತುಕತೆಯನ್ನು, ಇಮೇಲ್ ಆದರೆ ಅವರು ಹಿಂದೆ ಅದೇ ವಿಳಾಸದಿಂದ ಬರೆದದ್ದನ್ನು ಲಗತ್ತಿಸಿ.

ಬೇಲಿಫ್‌ನ ಕೆಲಸವೂ ಬದಲಾಗುತ್ತಿದೆ. ಇ-ಕೋರ್ಟ್ಸ್ ಯೋಜನೆಯಡಿ ಎನ್‌ಸ್ಟೆಪ್ ಅನ್ನುವ ವ್ಯವಸ್ಥೆ ಬಂದಿದೆ. ಬೇಲಿಫ್ ಮೊಬೈಲಿನಲ್ಲೇ ಜಾರಿಯ ವಿವರ ದಾಖಲಿಸುತ್ತಾರೆ. ನಿಂತ ಜಾಗದ ಜಿಪಿಎಸ್, ಸಮಯ, ಫೋಟೊ ಅದರಲ್ಲಿ ಸೇರುತ್ತದೆ. ಬೇರೆ ಜಿಲ್ಲೆಗೆ ಹೋಗಬೇಕಾದ ಸಮನ್ಸ್ ಕಾಗದದ ಕಟ್ಟಿನಲ್ಲಿ ಅಲೆಯದೆ ಆನ್‌ಲೈನ್‌ನಲ್ಲೇ ಆ ಕೋರ್ಟಿಗೆ ಹೋಗಬಹುದು. ನನಗೆ ಈ ಬದಲಾವಣೆ ಬಹಳ ಮುಖ್ಯ ಅನ್ನಿಸುತ್ತದೆ. ಹೋಗಿಯೇ ಇಲ್ಲ ಅನ್ನುವ ಆರೋಪಕ್ಕೂ, ಹೋಗದೆ ಬರೆಯುವ ವರದಿಗೂ ಇದರಿಂದ ಕಡಿವಾಣ ಬೀಳುತ್ತದೆ. ಪ್ರಾಮಾಣಿಕವಾಗಿ ಬಿಸಿಲಲ್ಲಿ ಅಲೆಯುವ ಜಾರಿಕಾರನಿಗೂ ಅದು ರಕ್ಷಣೆ. ನಿಮ್ಮ ಕೇಸಿನ ಜಾರಿ ಎನ್‌ಸ್ಟೆಪ್‌ನಲ್ಲಿ ಆಗಿದ್ದರೆ ಆ ಫೋಟೊ ಮತ್ತು ವಿವರದ ನಕಲಿಗೆ ಅರ್ಜಿ ಹಾಕಿ.

9. ಪ್ರತಿವಾದಿ ವಿದೇಶದಲ್ಲಿದ್ದರೆ

ಕೋರ್ಟಿನ ಕಾಗದಗಳನ್ನು ಬೇರೆ ದೇಶದಲ್ಲಿ ಜಾರಿ ಮಾಡುವ ಬಗೆಗಿನ 1965ರ ಹೇಗ್ ಒಪ್ಪಂದ ಭಾರತಕ್ಕೆ 2007ರ ಆಗಸ್ಟ್ 1ರಿಂದ ಅನ್ವಯಿಸುತ್ತದೆ. ಅಮೆರಿಕ, ಬ್ರಿಟನ್, ಕೆನಡಾ, ಜರ್ಮನಿ, ಆಸ್ಟ್ರೇಲಿಯಾ ಇದರಲ್ಲಿವೆ. ಕೋರ್ಟಿನ ಕೋರಿಕೆ ಆ ದೇಶದ ಕೇಂದ್ರ ಪ್ರಾಧಿಕಾರಕ್ಕೆ ಹೋಗಿ, ಅಲ್ಲಿಂದ ಜಾರಿಯಾಗಿ ಪ್ರಮಾಣಪತ್ರ ಬರುತ್ತದೆ. ತಿಂಗಳುಗಟ್ಟಲೆ ಹಿಡಿಯುತ್ತದೆ, ಹಾಗಾಗಿ ಮೊದಲ ತಾರೀಕಿಗೇ ಅರ್ಜಿ ಹಾಕಿ. ಯುಎಇ ಜೊತೆ ಭಾರತಕ್ಕೆ ಪ್ರತ್ಯೇಕ ದ್ವಿಪಕ್ಷೀಯ ಒಪ್ಪಂದವಿದೆ. ಮಂಗಳೂರು, ಉಡುಪಿ ಕಡೆಯ ಕೇಸುಗಳಲ್ಲಿ ಇದು ಉಪಯೋಗಕ್ಕೆ ಬರುತ್ತದೆ.

ಅಮೆರಿಕದಲ್ಲಿ ಸಮನ್ಸ್ ಜಾರಿ ಒಂದು ಖಾಸಗಿ ವೃತ್ತಿ. ಅಲ್ಲಿನ ಫೆಡರಲ್ ಕೋರ್ಟುಗಳಲ್ಲಿ ಕೇಸಿಗೆ ಸಂಬಂಧಪಡದ, 18 ವರ್ಷ ತುಂಬಿದ ಯಾರು ಬೇಕಾದರೂ ಜಾರಿ ಮಾಡಬಹುದು, ಮಾಮೂಲಿಯಾಗಿ 90 ದಿನದೊಳಗೆ ಆಗಬೇಕು. ನ್ಯೂಯಾರ್ಕ್ ನಗರದಲ್ಲಿ ಇದಕ್ಕೆ ಪರವಾನಗಿ ಬೇಕು, ಹೋದ ಜಾಗದ ಜಿಪಿಎಸ್ ದಾಖಲೆ ಇಡಬೇಕು. ಹೋಗದೆಯೇ ಜಾರಿಯಾಗಿದೆ ಅಂತ ಬರೆಯುವ ಪಿಡುಗು ಅಲ್ಲೂ ಇತ್ತು. ನಮ್ಮ ಕೋರ್ಟಿನ ಸಮನ್ಸ್‌ಗೆ ಅಲ್ಲಿನ ಖಾಸಗಿಯವರನ್ನು ನೀವೇ ಗೊತ್ತು ಮಾಡುವ ಮೊದಲು ಇಲ್ಲಿನ ಕೋರ್ಟಿನ ಆದೇಶ ಪಡೆಯಿರಿ.

ಉಲ್ಟಾ ಪ್ರಶ್ನೆಯೂ ಬರುತ್ತದೆ: ಅಮೆರಿಕದ ಕೋರ್ಟಿನ ವಿಚ್ಛೇದನದ ಕಾಗದ ಅಂಚೆಯಲ್ಲಿ ಹಾಸನದ ಮನೆಗೆ ಬಂದರೆ? ಅಂಚೆಯ ಮೂಲಕ ನೇರ ಜಾರಿಗೆ ಭಾರತ ಆಕ್ಷೇಪ ದಾಖಲಿಸಿದೆ. ಹಾಗಂತ ಕಾಗದ ಎಸೆಯಬೇಡಿ. ಅಲ್ಲಿನ ಕೋರ್ಟಿನಲ್ಲಿ ಆ ಆಕ್ಷೇಪ ಎತ್ತುವುದಕ್ಕೂ ಒಂದು ಸಮಯವಿರುತ್ತದೆ.

ಚೆಕ್ ಬೌನ್ಸ್ ಕೇಸಿನಲ್ಲಿ

ಇದು ಕ್ರಿಮಿನಲ್ ದೂರು, ಆದರೂ ಚೆಕ್ಕಿಗೆ ಸಂಬಂಧಿಸಿದ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 144ನೇ ಕಲಮಿನ ಪ್ರಕಾರ ಸ್ಪೀಡ್ ಪೋಸ್ಟ್ ಅಥವಾ ಒಪ್ಪಿತ ಕೊರಿಯರ್‌ನಲ್ಲಿ ಸಮನ್ಸ್ ಕಳಿಸಬಹುದು, ನಿರಾಕರಿಸಿದರೆ ಜಾರಿಯಾದಂತೆ. 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಯಿತು. ಮಾಮೂಲಿ ದಾರಿಯ ಜೊತೆ ದಸ್ತಿಯೂ ಇರಲಿ, ಇಮೇಲ್, ವಾಟ್ಸಾಪ್‌ನಂಥ ದಾರಿಯೂ ಇರಲಿ ಅಂದಿತು. ಆರೋಪಿಯ ಇಮೇಲ್, ಫೋನ್ ನಂಬರ್‌ಗಳನ್ನು ದೂರುದಾರರು ಅಫಿಡವಿಟ್ ಸಮೇತ ಕೊಡಬೇಕು. ಸುಳ್ಳು ನಂಬರ್ ಕೊಟ್ಟರೆ ನಿಮಗೇ ತೊಂದರೆ. ಬೇರೆ ಕ್ರಿಮಿನಲ್ ಕೇಸುಗಳಲ್ಲಿ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ನಡೆಯುತ್ತದೆ. ಹಳೆಯ ಕಾಯ್ದೆಯಲ್ಲಿ ಆರೋಪಿ ಸಿಗದಿದ್ದರೆ ಮನೆಯ ವಯಸ್ಕ ಗಂಡಸರಿಗೆ ಮಾತ್ರ ಸಮನ್ಸ್ ಕೊಡಬಹುದಿತ್ತು. ಈಗ ಹೆಂಗಸರಿಗೂ ಕೊಡಬಹುದು.

10. ಜಾರಿಯಾದ ದಿನದಿಂದ ಲೆಕ್ಕ ಇಡಿ

ಜಾರಿಯಾಯ್ತು ಅಂದಕೂಡಲೇ ತಾರೀಕು ಬರೆದಿಡಿ. ಪ್ರತಿವಾದಿ 30 ದಿನದೊಳಗೆ ಲಿಖಿತ ಹೇಳಿಕೆ, ಅಂದರೆ ನಿಮ್ಮ ದಾವೆಗೆ ಉತ್ತರ, ಕೊಡಬೇಕು. ಕೋರ್ಟ್ ಕಾರಣ ಬರೆದು 90 ದಿನದವರೆಗೆ ಕೊಡಬಹುದು. ವಾಣಿಜ್ಯ ದಾವೆಯಾದರೆ 120 ದಿನ, ಅದರಾಚೆಗೆ ಹಕ್ಕೇ ಹೋಗುತ್ತದೆ. ನಾಲ್ವರು ಪ್ರತಿವಾದಿಗಳಿದ್ದರೆ ನಾಲ್ವರಿಗೂ ಬೇರೆ ಬೇರೆ ಲೆಕ್ಕ. ಮೂವರಿಗೆ ಜಾರಿಯಾಗಿ ಒಬ್ಬರಿಗೆ ಬಾಕಿಯಿದ್ದರೆ ಆ ಒಬ್ಬರಿಗಾಗಿ ಐದನೇ ಹಂತದಿಂದ ಮತ್ತೆ ಕೆಲಸ ಮಾಡಿ. ಅವರು ಕೇಸಿಗೆ ನಿಜವಾಗಿ ಬೇಕೇ ಬೇಕಾ ಅಂತಲೂ ವಕೀಲರನ್ನು ಕೇಳಿ. ಬೇಡವಾದರೆ ಕೈಬಿಡಲು ಅರ್ಜಿ ಹಾಕಬಹುದು. ಪಾಲಿನ ದಾವೆಯಲ್ಲಿ ಮಾತ್ರ ಹಾಗೆ ಮಾಡಬೇಡಿ, ಅಲ್ಲಿ ಪಾಲುದಾರರೆಲ್ಲರೂ ಇರಬೇಕು.

ನಿಮಗೇ ಒಂದು ಸಮನ್ಸ್ ಮೊಬೈಲಿಗೆ ಬಂದರೆ ಅದರಲ್ಲಿರುವ ಲಿಂಕ್ ಒತ್ತಬೇಡಿ, ದುಡ್ಡು ಕಟ್ಟಬೇಡಿ. ನಕಲಿ ಕೋರ್ಟ್ ನೋಟಿಸ್ ಕಳಿಸಿ ಹೆದರಿಸುವ ಮೋಸ ಈಗ ಜಾಸ್ತಿಯಾಗಿದೆ. ಅದರಲ್ಲಿರುವ ಸಿಎನ್‌ಆರ್ ಅಥವಾ ಕೇಸ್ ನಂಬರನ್ನು ಇ-ಕೋರ್ಟ್ಸ್ ಜಾಲತಾಣದಲ್ಲಿ ನೀವೇ ಟೈಪ್ ಮಾಡಿ ನೋಡಿ. ನಂಬರ್ ಸಿಕ್ಕು ಪಕ್ಷಗಾರರ ಹೆಸರು ತಾಳೆಯಾದರೆ ವಕೀಲರನ್ನು ನೋಡಿ, ತಾರೀಕಿಗೆ ಹಾಜರಾಗಿ. ಸಿಗದಿದ್ದರೆ ಸಮನ್ಸ್‌ನಲ್ಲಿ ಹೆಸರಿಸಿದ ಕೋರ್ಟಿನ ಕಚೇರಿಗೆ ಹೋಗಿ ವಿಚಾರಿಸಿ. ಮೋಸ ಅಂತ ಗೊತ್ತಾದರೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ.